ಕೋಟಿನ ಜೇಬಿನ ಬಿಲ್ಲೆ

ಗ್ಲೀಬ್, ಸಿಡ್ನಿ
ಮಾರ್ಚ್ ೬, ೧೯೫೫, ಭಾನುವಾರ

ಕ್ಲ್ಯಾರಿ,

ಹೆಸರಿನ ಹಿಂದೆ 'ಪ್ರೀತಿಯ' ಎಂದು ಸೇರಿಸಲು ಕೈ ಬರಲಿಲ್ಲ. ಹಾಗೆ ಬರೆಯದೆ ಐದು ವರ್ಷವಾಯಿತು, ಅಭ್ಯಾಸವೂ ತಪ್ಪಿದೆ. ನೀನು ಕೂಮಾದ ಆಚೆ ಬೆಟ್ಟದ ಕ್ಯಾಂಪಿನಲ್ಲಿದ್ದೀಯ, ಅಣೆಕಟ್ಟಿನ ನೀರಿಗೆ ಸುರಂಗ ಕೊರೆಯುತ್ತಿದ್ದೀಯ ಎಂದು ನಿನ್ನ ಹಳೆಯ ಗುಂಪಿನ ಆಲ್ಬಿ ಹೇಳಿದ. ವಿಳಾಸ ಕೊಟ್ಟವನೂ ಅವನೇ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಮಾಡಿಕೊಂಡರೂ ನನಗೇನೂ ನಷ್ಟವಿಲ್ಲ.

ಮೊದಲು ಮನೆಯ ಸುದ್ದಿ. ಬ್ರೈಡಿಗೆ ಏಳು ತುಂಬಿತು, ಮುಂದಿನ ಎರಡು ಹಲ್ಲು ಬಿದ್ದಿವೆ. ಅಪ್ಪ ಎಲ್ಲಿ ಎಂದು ಸ್ಕೂಲಿನಲ್ಲಿ ಕೇಳಿದರೆ 'ಗೊತ್ತಿಲ್ಲ' ಎನ್ನುತ್ತಿದ್ದಳು. ಈಗ 'ಬೆಟ್ಟದೊಳಗೆ' ಎನ್ನುತ್ತಾಳೆ. ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಎದೆ ಸೋತಿದೆ, ಕಾಲು ಊದಿಕೊಂಡಿವೆ. ಈಸ್ಟರ್ ಹಬ್ಬ ನೋಡುವುದು ಅನುಮಾನ ಎಂದು ಡಾಕ್ಟರು ಅಡುಗೆಮನೆಯಲ್ಲಿ ನಿಂತು ಮೆಲ್ಲಗೆ ಹೇಳಿದರು. ಬೀದಿಯ ಸದ್ದು ಕೇಳಬೇಕು ಎಂದು ಹಟ ಹಿಡಿದಳು, ಮುಂದಿನ ಕೋಣೆಯಲ್ಲೇ ಮಲಗಿಸಿದ್ದೇನೆ.

ನಾನು ಬರೆಯುತ್ತಿರುವುದು ಇದಕ್ಕೆ. ನೀನು ಬರಬೇಕು. ನನಗಾಗಿ ಅಲ್ಲ, ಮಗಳಿಗಾಗಿಯೂ ಅಲ್ಲ. ಅಮ್ಮನ ಮಂಚದ ಪಕ್ಕ ಕೂತು, ನನ್ನ ತಮ್ಮ ಡಿನ್ನಿ ಸತ್ತ ದಿನ ಕುಡಿದಿರಲಿಲ್ಲ ಎಂದು ನಿನ್ನ ಬಾಯಿಂದ ಹೇಳಬೇಕು. ಅಷ್ಟು ಹೇಳಿ ಮುಂದಿನ ರೈಲಿಗೆ ಹೊರಟುಹೋಗು. ಚಹಾ ಕುಡಿದು ಹೋಗು ಎಂದು ನಾನು ತಡೆಯುವುದಿಲ್ಲ.

ಇವಳಿಗೆ ಹೇಗೆ ಗೊತ್ತಾಯಿತು ಎಂದು ಈಗ ನೀನು ಪತ್ರವನ್ನು ಕೆಳಗಿಟ್ಟು ಯೋಚಿಸುತ್ತಿರುತ್ತೀಯ. ಫೆಬ್ರವರಿಯಿಂದ ಪಬ್ಬುಗಳು ಹತ್ತು ಗಂಟೆಯವರೆಗೆ ತೆರೆದಿರುತ್ತವೆ. ಸಂಜೆ ಆರಕ್ಕೆ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ ನಿಮಗೆ ಕುಡಿಯುವುದಕ್ಕಷ್ಟೇ ಪುರುಸೊತ್ತಿತ್ತು. ಕೆಲಸ ಬಿಟ್ಟವರು ಓಡಿ ಬಂದು, ನೀರು ಕಂಡ ದನಗಳ ಹಾಗೆ ನುಗ್ಗಿ, ಗಟಗಟ ಸುರಿದುಕೊಂಡು ಬೀದಿಗೆ ಬೀಳುತ್ತಿದ್ದಿರಿ. ಈಗ ಗಂಡಸರಿಗೆ ಕೂತು ಮಾತಾಡಲೂ ಸಮಯ ಸಿಕ್ಕಿದೆ. ಮಾತಾಡಿ ಅಭ್ಯಾಸವಿಲ್ಲದವರು ಮಾತಿಗೆ ಕೂತರೆ ಏನೇನೋ ಹೊರಬರುತ್ತದೆ. ಆಲ್ಬಿ ಯಾರೋ ಅಪರಿಚಿತರ ಮುಂದೆ ಬಾಯಿ ಬಿಟ್ಟನಂತೆ. ಮರುದಿನ ಬೆಳಿಗ್ಗೆ, ನಾನು ಬಟ್ಟೆ ಒಣಹಾಕುತ್ತಿದ್ದಾಗ, ಹಿತ್ತಲ ಬಾಗಿಲಿಗೆ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಊನಾ, ನಿನ್ನೆ ನನ್ ಬಾಯಿ ಜಾರ್ತು. ಬೇರೆ ಯಾರೋ ಬಂದು ನಿನ್ ಕಿವಿಗೆ ಹಾಕೋ ಮೊದ್ಲು ನಾನೇ ಹೇಳ್ಬಿಡ್ತೀನಿ. ನಿಮ್ ಡಿನ್ನಿ ಅವತ್ತು ಪಬ್ಬಿಗೆ ಬರ್ಲೇ ಇಲ್ಲ."

ನನ್ನ ಕೈಯಲ್ಲಿ ಬ್ರೈಡಿಯ ಲಂಗ ಇತ್ತು. ಅದನ್ನು ಹಿಂಡಿದ್ದು ಸಾಲದೆಂಬಂತೆ ಮತ್ತೆ ಮತ್ತೆ ಹಿಂಡುತ್ತ ನಿಂತೆ.

ನಿನಗೆ ಗೊತ್ತಿರುವುದನ್ನೇ ನಿನಗೆ ಬರೆದು ತಿಳಿಸುವುದು ಹುಚ್ಚುತನ. ಆದರೂ ಬರೆಯುತ್ತೇನೆ, ನನಗೆ ಎಷ್ಟು ಗೊತ್ತು ಎಂಬುದು ನಿನಗೆ ಗೊತ್ತಾಗಲಿ.

ಪಾರ್ಕಿನ ಕೆಳಗಿನ ಆ ಸ್ಟೇಷನ್ನಿನಲ್ಲಿ, ಎಂದೂ ಬಾರದ ರೈಲುಗಳಿಗಾಗಿ ತೋಡಿಟ್ಟ ಸುರಂಗಗಳನ್ನು ನಿನಗಿಂತ ಮೊದಲು ನಾವು ನೋಡಿದ್ದೆವು. ಯುದ್ಧದಲ್ಲಿ ಅವನ್ನು ಬಾಂಬಿನಿಂದ ಅಡಗುವ ಜಾಗ ಮಾಡಿದ್ದರಲ್ಲ, ಸೈರನ್ ಆದರೆ ನಾನು, ಅಮ್ಮ, ಡಿನ್ನಿ ಅಲ್ಲಿನ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂರುತ್ತಿದ್ದೆವು. ಡಿನ್ನಿ ಕೂತಲ್ಲಿ ಕೂರುವವನಲ್ಲ. ಕಾಲು ಸೆಳೆಯಿತು ಎಂದು ಎದ್ದು ಎಲ್ಲೋ ಮಾಯವಾಗಿ, ಬಂದು ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದ. ಮೆಟ್ಟಿಲು ಹತ್ತಿ ಹೋದರೆ ಚಾವಣಿಗೆ ತಲೆ ತಾಗುತ್ತದಂತೆ, ಆಚೆ ಏನೂ ಇಲ್ಲವಂತೆ. ಬಿಳಿ ಟೈಲು ಹೊದಿಸಿದ ಗೋಡೆಗಳಿಗೆ ಒಬ್ಬರ ಹೆಗಲೂ ಉಜ್ಜಿಲ್ಲವಂತೆ. ಟಿಕೆಟ್ ಕೊಡುವ ಕಿಟಕಿಯೊಂದಿದೆ, ಅಲ್ಲಿ ಇವತ್ತಿನವರೆಗೆ ಯಾರೂ ಟಿಕೆಟ್ ಕೇಳಿಲ್ಲವಂತೆ. 'ನಾನು ಕೇಳಿ ಬಂದೆ ಅಮ್ಮ, ಸ್ವರ್ಗಕ್ಕೆ ಒಂದು, ಹೋಗಿ ಬರೋದಕ್ಕೆ' ಎಂದಿದ್ದ. ಅಮ್ಮ ಎಲ್ಲರ ಎದುರಿಗೇ ಅವನ ಕಿವಿ ಹಿಂಡಿದ್ದಳು.

ಯುದ್ಧ ಮುಗಿದ ಮೇಲೆ, ಬಾಂಬಿಗೆ ಅಡ್ಡವಾಗಿ ಸುರಂಗದೊಳಗೆ ಕಟ್ಟಿದ್ದ ಗೋಡೆಗಳನ್ನೆಲ್ಲ ಒಡೆದು ಸಾಗಿಸುವ ಕೆಲಸ ನಿನ್ನ ಕಂಟ್ರಾಕ್ಟರನಿಗೆ ಸಿಕ್ಕಿತು, ನೀನು ಮೇಸ್ತ್ರಿಯಾದೆ. ಭಾವಮೈದುನನಿಗೂ ಕೆಲಸ ಕೊಡಿಸಿದೆ ಎಂದು ಈ ಮನೆಯಲ್ಲಿ ನಿನಗೆ ದೊಡ್ಡ ಹೆಸರಾಯಿತು. ಜನ ನಡೆಯಲೆಂದು ನೆಲದಡಿ ಕಟ್ಟಿ, ಅರ್ಧಕ್ಕೆ ಕೈಬಿಟ್ಟ ಒಂದು ಓಣಿ ಪಬ್ಬಿನ ಹಿಂದಿನ ಗಲ್ಲಿಯಲ್ಲಿ ಕಬ್ಬಿಣದ ಮುಚ್ಚಳದ ಕೆಳಗೆ ಏಳುತ್ತದೆ ಎಂಬುದನ್ನು ನಿಮಗೆಲ್ಲ ತೋರಿಸಿದವನು ಡಿನ್ನಿ. ಬಿಯರಿನ ವಾಸನೆಗೇ ಮೂಗು ಮುರಿಯುತ್ತಿದ್ದ ಡಿನ್ನಿ. ನೀವು ಅದಕ್ಕೆ ಕಳ್ಳದಾರಿ ಎಂದು ಹೆಸರಿಟ್ಟಿರಿ.

ಆ ಬಿಲ್ಲೆಗಳ ಏರ್ಪಾಟನ್ನೂ ಆಲ್ಬಿ ಬಿಡಿಸಿ ಹೇಳಿದ. ಇಳಿಯುವವನು ಪ್ಲಾಟ್‌ಫಾರಮ್ಮಿನ ತುದಿಯ ಕಿಟಕಿಯಲ್ಲಿ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಇಳಿಯಬೇಕು, ಹತ್ತಿ ಬಂದಾಗ ಅಲ್ಲೇ ವಾಪಸ್ಸು ಕೊಡಬೇಕು. ಬಿಲ್ಲೆ ನೇತುಹಾಕುವ ಹಲಗೆಯಲ್ಲಿ ಯಾವ ಮೊಳೆ ಖಾಲಿಯಿದೆಯೋ ಆ ಮನುಷ್ಯ ಇನ್ನೂ ಕೆಳಗಿದ್ದಾನೆ, ಹುಡುಕಿ ಎಂದರ್ಥ. ಆದರೆ ಆ ಉದ್ದದ ಸುರಂಗ ನಡೆದು, ಸಾಲಿನಲ್ಲಿ ನಿಂತು ಬಿಲ್ಲೆ ಕೊಟ್ಟು, ಪಾರ್ಕು ದಾಟುವಷ್ಟರಲ್ಲಿ ಪಬ್ಬಿನ ಬಾಗಿಲು ಹಾಕುವ ಹೊತ್ತಾಗಿರುತ್ತಿತ್ತು. ಅದಕ್ಕೆ ದಿನಕ್ಕೊಬ್ಬನ ಸರದಿ ಮಾಡಿಕೊಂಡಿರಿ. ಅವನು ಎಲ್ಲರ ಬಿಲ್ಲೆ ಒಟ್ಟುಮಾಡಿಕೊಂಡು ಕಿಟಕಿಗೆ ಹೋಗುವುದು, ಉಳಿದವರು ಕಳ್ಳದಾರಿಯಲ್ಲಿ ಓಡುವುದು. ಕಿಟಕಿಯಲ್ಲಿದ್ದ ಮುದುಕ ಕಂಡರೂ ಕಾಣದಂತಿರುತ್ತಿದ್ದ. ಬಿಲ್ಲೆ ಹೊತ್ತವನು ಏದುಸಿರು ಬಿಡುತ್ತ ಬಂದಾಗ ಅವನ ಪಾಲಿನ ಗ್ಲಾಸುಗಳು ಕಟ್ಟೆಯ ಮೇಲೆ ಸಾಲಾಗಿ ಕಾಯುತ್ತಿದ್ದವು. ಇದಕ್ಕೆ ಇದ್ದದ್ದು ಒಂದೇ ನಿಯಮ. ಬಿಲ್ಲೆಯನ್ನು ಮನುಷ್ಯನ ಕೈಯಿಂದಲೇ ತೆಗೆದುಕೊಳ್ಳಬೇಕು, ಬೇರೆಲ್ಲಿಂದಲೂ ಮುಟ್ಟಬಾರದು.

ನಲವತ್ತೇಳರ ಅಕ್ಟೋಬರಿನ ಆ ಶುಕ್ರವಾರ ಸರದಿ ನಿನ್ನದು. ಸೋಮವಾರ ಕಾರ್ಮಿಕರ ಹಬ್ಬದ ರಜೆ. ಎಲ್ಲರಿಗೂ ಕಾಲು ನಿಲ್ಲುತ್ತಿರಲಿಲ್ಲ. ಡಿನ್ನಿ ಬಿಲ್ಲೆ ಕೊಟ್ಟಿರಲಿಲ್ಲ. ಗೋಡೆಯ ಮೊಳೆಯಲ್ಲಿ ಅವನ ಕೆಲಸದ ಕೋಟು ನೇತಾಡುತ್ತಿತ್ತು. ನೀನು ಅದರ ಜೇಬಿಗೆ ಕೈ ಹಾಕಿ ಬಿಲ್ಲೆ ತೆಗೆದುಕೊಂಡೆ. 'ಇವ್ನು ಮುಂದೆ ಓಡಿಹೋಗಿದಾನೆ, ನಡೀರಿ' ಎಂದೆ. ಹಲಗೆಯ ಮೊಳೆಗಳೆಲ್ಲ ತುಂಬಿದವು. ಮುದುಕ ದೀಪ ಆರಿಸಿದ.

ಅವನು ಆಗ ಸುರಂಗದ ತಗ್ಗಿನ ತುದಿಯಲ್ಲಿ, ನೀರೆತ್ತುವ ಪಂಪಿನ ಗುಂಡಿಯಲ್ಲಿದ್ದ. ಒಡೆದಿಟ್ಟ ಗೋಡೆಯ ಚಪ್ಪಡಿ ಜಾರಿ ಕಾಲಿನ ಮೇಲೆ ಬಿದ್ದಿತ್ತು. ರಜೆಗೆ ಗೆಳೆಯನ ಜೊತೆ ಹಾಕ್ಸ್‌ಬರಿ ನದಿಗೆ ಮೀನು ಹಿಡಿಯಲು ಹೋಗುತ್ತೇನೆ ಎಂದು ಹೇಳಿದ್ದರಿಂದ ನಾವೂ ಹುಡುಕಲಿಲ್ಲ. ಗೆಳೆಯ ಇವನು ಮನಸ್ಸು ಬದಲಾಯಿಸಿದ ಎಂದುಕೊಂಡ. ಮಂಗಳವಾರ ಹೆಣ ಸಿಕ್ಕಾಗ ತೊಡೆಗೆ ಸೊಂಟದ ಪಟ್ಟಿ ಬಿಗಿದು ಕಟ್ಟಿತ್ತಂತೆ. ಕಟ್ಟಿಕೊಂಡವನು ಎಚ್ಚರವಿದ್ದ ಎಂದಲ್ಲವೇ? ಯಾರಾದರೂ ಬರುತ್ತಾರೆ ಎಂದುಕೊಂಡಿದ್ದ ಎಂದಲ್ಲವೇ? ಪಂಪು ಯಾವಾಗ ನಿಂತಿತು, ನೀರು ಯಾವಾಗ ಏರಿತು ಎಂದು ಆಲ್ಬಿಗೆ ಗೊತ್ತಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ನೀವೆಲ್ಲ ಸೇರಿ ಕತೆ ಕಟ್ಟಿದಿರಿ. ಡಿನ್ನಿ ಬಿಲ್ಲೆ ತಾನೇ ಕೊಟ್ಟ, ಪಬ್ಬಿಗೆ ಬಂದ, ಅಭ್ಯಾಸವಿಲ್ಲದ ಹೊಟ್ಟೆಗೆ ಮೂರು ಗ್ಲಾಸು ಇಳಿಸಿದ, ಏನೋ ಮರೆತೆನೆಂದು ತೂರಾಡುತ್ತ ಕಳ್ಳದಾರಿಯಿಂದ ವಾಪಸ್ಸು ಇಳಿದ, ಬಿದ್ದ. ವಿಚಾರಣೆಯಲ್ಲಿ ಒಬ್ಬೊಬ್ಬರಾಗಿ ನಿಂತು ಪಾಠ ಒಪ್ಪಿಸಿದಿರಿ. ಜೊತೆಗಾರನನ್ನು ಹಿಡಿದುಕೊಡಬಾರದು ಎಂಬುದು ನಮ್ಮ ಗಂಡಸರಿಗೆ ದೇವರ ಹತ್ತು ಆಜ್ಞೆಗಳ ಮೇಲಿನ ಹನ್ನೊಂದನೆಯದು. ಸತ್ತವನೂ ಜೊತೆಗಾರನೇ ಆಗಿದ್ದ ಎಂಬುದು ಒಬ್ಬನಿಗೂ ಹೊಳೆಯಲಿಲ್ಲ. ಅವನಿಗೆ ಬಾಯಿಲ್ಲವಲ್ಲ, ಎಲ್ಲ ಅವನ ತಲೆಗೇ ಕಟ್ಟಿದಿರಿ.

ನಮ್ಮಪ್ಪ ಕುಡಿದು ಕುಡಿದು ಸತ್ತವನು ಎಂಬುದು ನಿನಗೆ ಗೊತ್ತು. ಡಿನ್ನಿ ಹನ್ನೆರಡು ವರ್ಷದವನಿದ್ದಾಗ ಬಿಷಪ್ಪರ ಮುಂದೆ, ಸಾಯುವವರೆಗೆ ಮದ್ಯ ಮುಟ್ಟುವುದಿಲ್ಲ ಎಂದು ಅಮ್ಮನಿಗಾಗಿ ಆಣೆ ಇಟ್ಟ. ಕೆಲಸಕ್ಕೆ ಸೇರಿದ ಮೇಲೆ ದಿನಾ ಸಂಜೆ ಬಾಗಿಲಲ್ಲಿ ಅಮ್ಮ ಅವನ ಕೆನ್ನೆಗೆ ಮುತ್ತಿಡುತ್ತಿದ್ದಳು. ಮುತ್ತು ನೆಪ, ಅವಳಿಗೆ ಬೇಕಿದ್ದದ್ದು ಬಾಯಿಯ ವಾಸನೆ. ಅವನಿಗೂ ಅದು ಗೊತ್ತು. 'ತಗೋ ಪೊಲೀಸಮ್ಮ' ಎಂದು ಅವಳ ಮುಖಕ್ಕೆ ಉಫ್ ಎಂದು ಊದುತ್ತಿದ್ದ. ಪಬ್ಬಿನಲ್ಲಿ ಅವನು ಕುಡಿಯುತ್ತಿದ್ದದ್ದು ರಾಸ್ಪ್‌ಬೆರಿ ಶರಬತ್ತು. ನೀವೆಲ್ಲ ಅವನನ್ನು ಸನ್ಯಾಸಿನಿಯೆಂಬಂತೆ 'ಸಿಸ್ಟರ್ ಡಿನ್ನಿ' ಎಂದು ಕರೆದು ನಗುತ್ತಿದ್ದಿರಿ.

ವಿಚಾರಣೆ ಮುಗಿದ ದಿನ ಅಮ್ಮ ಅವನ ಫೋಟೋ ಗೋಡೆಯಿಂದ ತೆಗೆದಳು. ಇವತ್ತಿನವರೆಗೆ ಈ ಮನೆಯಲ್ಲಿ ಅವನ ಹೆಸರು ಎತ್ತಿಲ್ಲ. ನವೆಂಬರಿನಲ್ಲಿ ಸತ್ತವರ ಪೂಜೆಗೆ ಹೆಸರು ಕೊಡುವಾಗ ನಮ್ಮ ಕುಡುಕ ಅಪ್ಪನ ಹೆಸರು ಕೊಡುತ್ತಾಳೆ, ಮಗನದು ಕೊಡುವುದಿಲ್ಲ. ತನಗೆ ಕೊಟ್ಟ ಮಾತು ಮುರಿದು, ಅಪ್ಪನ ಹಾಗೇ ಸತ್ತ ಎಂದು ನಂಬಿಕೊಂಡು ಸಾಯುತ್ತಿದ್ದಾಳೆ. ಇದನ್ನು ನಾನು ಹೇಳಿದರೆ, ಸಾಯುವವಳ ಸಮಾಧಾನಕ್ಕೆ ಮಗಳು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಾಳೆ. ಆಲ್ಬಿ ಹೇಳಿದರೆ, ಕುಡುಕನ ಮಾತು ಎನ್ನುತ್ತಾಳೆ. ನೀನೇ ಬರಬೇಕು.

ನೀನು ಮನೆ ಬಿಟ್ಟಾಗ, ನನ್ನ ಅಳು ತಾಳಲಾರದೆ ಹೋದೆ ಎಂದುಕೊಂಡಿದ್ದೆ. ತಮ್ಮನಿಗಾಗಿ ಅತ್ತು ಅತ್ತು ಗಂಡನನ್ನು ಓಡಿಸಿದಳು ಎಂದು ಬೀದಿಯೆಲ್ಲ ಆಡಿಕೊಂಡಿತು. ಅದನ್ನೂ ನಾನು ಐದು ವರ್ಷ ಹೊತ್ತೆ.

ಕೂಮಾದಿಂದ ರಾತ್ರಿ ಹೊರಟರೆ ಬೆಳಿಗ್ಗೆ ಇಲ್ಲಿರುತ್ತೀಯ.

ಊನಾ

ಮರೆತಿದ್ದೆ: ಬ್ರೈಡಿ ಅಂದು ಮನೆಯಲ್ಲಿರದಂತೆ ನೋಡಿಕೊಳ್ಳುತ್ತೇನೆ. ನಿನಗೆ ಅದೊಂದು ನೆಪವಾಗುವುದು ಬೇಡ.

*

ಕೂಮಾದ ಆಚೆ, ಕ್ಯಾಂಪು
ಮಾರ್ಚ್ ೧೭

ಊನಾಳಿಗೆ,

ಪತ್ರ ಬಂದು ಒಂದು ವಾರವಾಯಿತು. ದಿಂಬಿನ ಕೆಳಗಿದೆ. ಇಲ್ಲಿ ಬೆಳಿಗ್ಗೆ ನಲ್ಲಿಯ ನೀರು ಗಟ್ಟಿಯಾಗುವಷ್ಟು ಚಳಿ ಶುರುವಾಗಿದೆ. ಊಟಕ್ಕೆ ದಿನಾ ಕುರಿ ಮಾಂಸವೇ. ಇಟಲಿಯವರು, ಪೋಲೆಂಡಿನವರು, ನಾನು, ಎಲ್ಲರೂ ಒಂದೇ ಬಾಣಲೆಯನ್ನು ಬೈಯುತ್ತೇವೆ.

ನಿನಗೆ ಉದ್ದ ಬರೆಯಲು ಬರುತ್ತದೆ. ನನಗೆ ಬರುವುದಿಲ್ಲ. ಆಲ್ಬಿ ಹೇಳಿದ್ದು ನಿಜ. ಬಿಲ್ಲೆ ತೆಗೆದದ್ದು ಕೋಟಿನಿಂದ.

ಇಲ್ಲಿಯೂ ಸುರಂಗದ ಬಾಯಲ್ಲಿ ಬಿಲ್ಲೆಯ ಹಲಗೆ ಇದೆ. ನನ್ನ ಪಾಳಿಯವರು ಒಬ್ಬೊಬ್ಬರಾಗಿ ನನ್ನ ಮುಂದೆ ಬಂದು ತಮ್ಮ ಕೈಯಿಂದಲೇ ನೇತುಹಾಕಬೇಕು, ನಾನು ಪ್ರತಿಯೊಬ್ಬನ ಮುಖ ನೋಡುತ್ತೇನೆ. ಚಳಿಯಲ್ಲಿ ಕಾಯಿಸುತ್ತಾನೆ ಎಂದು ನನ್ನನ್ನು 'ಅಜ್ಜಿ' ಎನ್ನುತ್ತಾರೆ. ಅನ್ನಲಿ.

ಆಲ್ಬಿಗೆ ಗೊತ್ತಿಲ್ಲದ್ದು ಎರಡಿವೆ. ಬರೆಯಲೋ ಬೇಡವೋ ಎಂದು ಈ ಒಂದು ವಾರ ನೋಡಿದೆ. ಬರೆಯದಿದ್ದರೆ ಪತ್ರದಲ್ಲಿ ಇನ್ನೇನಿದೆ ಎನಿಸಿತು.

ಡಿನ್ನಿಯನ್ನು ಗುಂಡಿಗೆ ಕಳಿಸಿದವನು ನಾನು. ಪಂಪಿನ ಜಾಲರಿಗೆ ಕಸ ಕಟ್ಟಿದೆ, ರಜೆಗೆ ಮೊದಲು ತೆಗೆದು ಬಾ ಎಂದಿದ್ದೆ. ಹೊರಡುವ ಗಡಿಬಿಡಿಯಲ್ಲಿ ಅದು ನನ್ನ ತಲೆಯಿಂದ ಪೂರಾ ಹಾರಿಹೋಗಿತ್ತು. ನಂಬುವುದಾದರೆ ನಂಬು.

ಪಬ್ಬಿಗೆ ಬಂದಾಗ ಕಟ್ಟೆಯ ಮೇಲೆ ಅವನ ಶರಬತ್ತು ಇತ್ತು, ಯಾರೂ ಮುಟ್ಟಿರಲಿಲ್ಲ. ಆಗ ನೆನಪಾಯಿತು. ಬಾಗಿಲು ಹಾಕಿ ಎಲ್ಲರನ್ನೂ ಹೊರಗೆ ಹಾಕಿದ ಮೇಲೆ ನಾನೊಬ್ಬನೇ ಗಲ್ಲಿಗೆ ಹೋದೆ, ಮುಚ್ಚಳ ಎತ್ತಿದೆ. ಡಿನ್ನಿ ಎಂದು ಕೂಗಿದೆ. ಕೆಳಗೆ ಪಂಪು ಹೊಡೆದುಕೊಳ್ಳುತ್ತಿತ್ತು, ಬೇರೆ ಏನೂ ಕೇಳಿಸಲಿಲ್ಲ. ಇಳಿದರೆ ಕಾವಲುಗಾರನ ಕೈಗೆ ಸಿಗುತ್ತೇನೆ, ದಾರಿ ಬಯಲಾಗುತ್ತದೆ, ಎಲ್ಲರ ಕೆಲಸ ಹೋಗುತ್ತದೆ ಎಂದು ಯೋಚಿಸಿದೆ. ನೀನು ಐದು ತಿಂಗಳ ಬಸುರಿ. ಅವನು ಸ್ಟೇಷನ್ ಕಡೆಯಿಂದ ಹತ್ತಿ ಮೀನು ಹಿಡಿಯಲು ಹೋಗಿರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಬಿಲ್ಲೆ ಇಲ್ಲದೆ ಬಂದವನನ್ನು ಆ ಮುದುಕ ಕಿಟಕಿ ದಾಟಲು ಬಿಡುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ಮುಚ್ಚಳ ಹಾಕಿ ಮನೆಗೆ ಬಂದೆ.

ಬರಲಾರೆ ಊನಾ. ಬಾ ಎನ್ನುವುದು ಸುಲಭ. ಆ ಮುದುಕಿಯ ಮುಂದೆ ಕೂತು ನಾನು ಯಾವ ಕಡೆ ನೋಡಲಿ? ಬರೀ ನನ್ನದೊಂದೇ ಆದರೆ ಹೇಗೋ ಆಗುತ್ತಿತ್ತು. ವಿಚಾರಣೆಯಲ್ಲಿ ಸುಳ್ಳು ಹೇಳಿದವರು ನಾವೆಲ್ಲರೂ. ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ಈ ಪತ್ರವನ್ನೇ ಅವಳಿಗೆ ಓದಿ ಹೇಳು. ನನ್ನ ಕೈಬರಹ ಅವಳಿಗೆ ಗೊತ್ತು.

ಕ್ಲ್ಯಾರಿ

ಇನ್ನೊಂದು: ಬ್ರೈಡಿಯ ಪಾದದ ಅಳತೆಯನ್ನು ಕಾಗದದ ಮೇಲೆ ಬರೆಸಿ ಕಳಿಸು. ಇಲ್ಲಿ ಪೋಲೆಂಡಿನವನೊಬ್ಬ ಒಳ್ಳೆಯ ಬೂಟು ಹೊಲಿಯುತ್ತಾನೆ.

*

ಗ್ಲೀಬ್
ಏಪ್ರಿಲ್ ೨೪, ಭಾನುವಾರ

ಕ್ಲ್ಯಾರಿ,

ಅಮ್ಮ ಈಸ್ಟರ್ ಕಳೆದ ಬುಧವಾರ ಹೋದಳು. ಡಾಕ್ಟರ ಲೆಕ್ಕ ಸುಳ್ಳು ಮಾಡಬೇಕೆಂದೇ ಹಬ್ಬ ದಾಟಿಸಿದಳು ಅನ್ನಿಸುತ್ತದೆ. ನಿನಗೆ ತಂತಿ ಕೊಡಲಿಲ್ಲ. ಬದುಕಿದ್ದಾಗ ಬಾರದವನಿಗೆ ಸತ್ತ ಸುದ್ದಿ ಅವಸರದಲ್ಲಿ ಮುಟ್ಟಿಸಿ ಏನಾಗಬೇಕು?

ನಿನ್ನ ಪತ್ರ ಓದಿದ ದಿನ ಅದನ್ನು ಒಲೆಗೆ ಹಾಕಲು ಹೋಗಿದ್ದೆ. ಕೂಗಿದೆಯಂತೆ. ಒಂದು ಸಲ ಕೂಗಿ, ಮುಚ್ಚಳ ಹಾಕಿ, ಮನೆಗೆ ಬಂದು ನಾನು ಬಡಿಸಿದ್ದನ್ನು ಉಂಡೆ. ತೊಡೆಗೆ ಪಟ್ಟಿ ಕಟ್ಟಿಕೊಂಡು ಅವನು ಕೆಳಗಿದ್ದ, ನಾನು ನಿನಗೆ ಇನ್ನೆರಡು ಆಲೂಗಡ್ಡೆ ಹಾಕಿಸಿಕೋ ಎಂದು ಉಪಚಾರ ಮಾಡುತ್ತಿದ್ದೆ. ನನ್ನ ಹೊಟ್ಟೆಯಲ್ಲಿದ್ದ ಕೂಸನ್ನು ನಿನ್ನ ಹೇಡಿತನಕ್ಕೆ ಅಡ್ಡ ಹಿಡಿಯಬೇಡ. ನಾನು ಬಸುರಿ ಎಂಬುದು ಕೆಳಗಿಳಿಯದಿರಲು ಕಾರಣವಾಯಿತೇ? ಅದೇ ಕಾರಣಕ್ಕೆ ಇಳಿಯುವ ಗಂಡಸರೂ ಇರುತ್ತಾರೆ.

ಪತ್ರವನ್ನು ಅಮ್ಮನಿಗೆ ಓದಿದೆ. ಮಧ್ಯಾಹ್ನದ ಹೊತ್ತು, ಬೀದಿಯಲ್ಲಿ ಬ್ರೆಡ್ಡಿನವನ ಕುದುರೆ ನಿಂತಿತ್ತು. ಓದುವಾಗ ಎರಡು ಸಲ ನಿಲ್ಲಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದಳು. ಅಳುತ್ತಾಳೆ ಎಂದುಕೊಂಡಿದ್ದೆ, ಇಲ್ಲವೇ ನನ್ನ ಮಗನೇ ಎಂದು ಕೂಗುತ್ತಾಳೆ ಎಂದುಕೊಂಡಿದ್ದೆ. ಅವಳು ನೀರು ಕೇಳಿದಳು. ಕುಡಿದು, ಬಾಯಿ ಒರೆಸಿಕೊಂಡು ಹೇಳಿದಳು:

"ಇದನ್ನ ಹೇಳೋಕೆ ಇಷ್ಟು ದಿನ ಒದ್ದಾಡ್ತಿದ್ಯಾ? ನಂಗೊತ್ತಿತ್ತು ಕಣೇ."

ನನಗೆ ಅರ್ಥವಾಗಲಿಲ್ಲ. ಏನು ಗೊತ್ತಿತ್ತು ಎಂದೆ. ಡಿನ್ನಿ ಕುಡಿದಿರಲಿಲ್ಲ ಎಂದು ಗೊತ್ತಿತ್ತಂತೆ, ಅದು ನಿನ್ನ ಕೆಲಸ ಎಂದೂ ಗೊತ್ತಿತ್ತಂತೆ. ಹೆಣವನ್ನು ಮನೆಗೆ ತಂದ ದಿನ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಅಡುಗೆಮನೆಗೆ ಕರೆದು, ನನ್ನ ಮಗ ಅವತ್ತು ಎಷ್ಟು ಕುಡಿದ ಎಂದು ಕೇಳಿದಳಂತೆ. ಆಲ್ಬಿ ನೆಲ ನೋಡಿದ. ಒಬ್ಬ ಎರಡು ಎಂದ, ಒಬ್ಬ ನೆನಪಿಲ್ಲ ಎಂದ. "ನಿನ್ ಗಂಡ ಮಾತ್ರ ಥಟ್ಟಂತ ಮೂರು ಅಂದ. ಉತ್ರ ಬಾಯಲ್ಲೇ ಇಟ್ಕೊಂಡು ಬಂದಿದ್ದ." ದಿನಾ ಸಂಜೆ ಮಗನ ಉಸಿರು ಮೂಸಿದವಳು ಅವಳು. ಯಾರು ಏನೇ ಹೇಳಿದರೂ ಒಂದು ಚಣವೂ ನಂಬಿರಲಿಲ್ಲ.

ಹಾಗಾದರೆ ವಿಚಾರಣೆಯಲ್ಲಿ ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ಕೂಗಿಬಿಟ್ಟೆ. ಸಾಯುತ್ತಿರುವ ಹೆಂಗಸಿನ ಮೇಲೆ ಕೂಗಿದೆ, ಕ್ಲ್ಯಾರಿ. ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಅವ್ನು ಸತ್ತೋಗಿದ್ದ. ನೀನು ಬದುಕ್ಬೇಕಿತ್ತು. ನಿನ್ ಹೊಟ್ಟೇಲಿ ಬ್ರೈಡಿ ಇದ್ಲು. ನಾನ್ ಬಾಯ್ಬಿಟ್ಟಿದ್ರೆ ಅವ್ಳಪ್ಪ ಜೈಲಿಗೆ ಹೋಗ್ತಿದ್ದ. ಒಂದ್ ಮಗೂನ ಮಣ್ಣಿಗೆ ಕೊಟ್ಟಾಗಿತ್ತು, ಇನ್ನೊಂದರ ಸಂಸಾರಾನೂ ಕೊಡ್ಲಾ?"

ಫೋಟೋ ಯಾಕೆ ತೆಗೆದೆ ಎಂದು ಕೇಳಿದೆ. "ದಿನಾ ಅವ್ನ ಮುಖ ನೋಡ್ತಿದ್ರೆ ಹೇಳ್ಬಿಡ್ತಿದ್ದೆ" ಎಂದಳು. ಪೂಜೆಗೆ ಅವನ ಹೆಸರು ಕೊಡದಿದ್ದದ್ದೂ ಅದಕ್ಕೇ. ಪಾದ್ರಿ ಆ ಹೆಸರನ್ನು ಗಟ್ಟಿಯಾಗಿ ಓದಿದರೆ ಕೂತಲ್ಲಿಂದ ಎದ್ದುಬಿಡುತ್ತೇನೆ ಎಂದು ಅವಳಿಗೆ ಭಯವಿತ್ತಂತೆ.

ಈಗ ನೀನೇ ಹೇಳು. ನನ್ನ ಸಂಸಾರ ಉಳಿಯಲಿ ಎಂದು ಆ ತಾಯಿ ತನ್ನ ಮಗನನ್ನು ಊರೆಲ್ಲ ಕುಡುಕ ಎನ್ನುವುದಕ್ಕೆ ಬಿಟ್ಟುಕೊಟ್ಟಳು. ಅವಳು ಅಷ್ಟು ಬೆಲೆ ತೆತ್ತು ಉಳಿಸಿಕೊಟ್ಟ ಸಂಸಾರವನ್ನು ನೀನು ಎರಡು ವರ್ಷಕ್ಕೆ ಬಿಟ್ಟು ಎದ್ದುಹೋದೆ. ನೀನು ಚೀಲ ಹೆಗಲಿಗೇರಿಸಿ ಬಾಗಿಲು ದಾಟಿದಾಗ ಅವಳು ಬಟಾಣಿ ಸುಲಿಯುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಅವಳಿಗೆ ನಿನ್ನ ಮೇಲೆ ಅಭಿಮಾನವಿಲ್ಲ ಎಂದು ಆಗ ನಾನು ಅವಳ ಮೇಲೇ ಹರಿಹಾಯ್ದಿದ್ದೆ. ನಾನು ನಿನಗಾಗಿ ಅಳುವುದನ್ನು ಅವಳು ಹೇಗೆ ಸಹಿಸಿದಳೋ. ಅವಳ ಜಾಗದಲ್ಲಿ ನಾನಿದ್ದರೆ ಮಗಳ ಕೆನ್ನೆಗೆ ಬಾರಿಸುತ್ತಿದ್ದೆ.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಚಹಾ, ಸ್ಯಾಂಡ್‌ವಿಚ್ ಇಟ್ಟಿದ್ದೆ. ನಿನ್ನ ಗುಂಪಿನವರಲ್ಲಿ ನಾಲ್ವರು ಬಂದಿದ್ದರು, ಆಲ್ಬಿಯೂ ಇದ್ದ. ಕರಿ ಟೈ ಕಟ್ಟಿಕೊಂಡು, ಒಳ್ಳೆ ಹೆಂಗಸು, ಒಳ್ಳೆ ಹೆಂಗಸು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನಾನು ಕೆಟಲ್ ಕೆಳಗಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಡಿನ್ನಿ ಒಂದು ತೊಟ್ಟೂ ಕುಡಿದವನಲ್ಲ, ಅವನ ಬಿಲ್ಲೆಯನ್ನು ಕೋಟಿನಿಂದ ತೆಗೆದವನು ನನ್ನ ಗಂಡ, ಇದು ಇಲ್ಲಿ ಕರಿ ಟೈ ಕಟ್ಟಿ ನಿಂತವರಿಗೆಲ್ಲ ಗೊತ್ತಿತ್ತು ಎಂದೆ. ಪಕ್ಕದ ಮನೆಯವರು, ಪಾದ್ರಿ, ಅಮ್ಮನ ಹೊಲಿಗೆಯ ಗೆಳತಿಯರು ಎಲ್ಲರೂ ಇದ್ದರು.

"ಅದೆಲ್ಲ ಈಗ್ಯಾಕೆ ಊನಾ" ಎಂದ ಒಬ್ಬ. ಅದಕ್ಕೆ ಉತ್ತರ ಕೊಟ್ಟವನು ಆಲ್ಬಿ. "ಈಗ್ಲಾದ್ರೂ ಅಂತ" ಎಂದ. ಮೂವರು ಕೈಯಲ್ಲಿದ್ದ ಬಟ್ಟಲನ್ನು ಅಲ್ಲಲ್ಲೇ ಇಟ್ಟು ಟೋಪಿ ಹುಡುಕಿಕೊಂಡು ಹೊರಟರು. ಯಾರೂ ಅದು ಸುಳ್ಳು ಎನ್ನಲಿಲ್ಲ. ಪಾದ್ರಿ ನನ್ನ ಹತ್ತಿರ ಬಂದು, ಮುಂದಿನ ಭಾನುವಾರ ಪೀಠದಿಂದಲೇ ಡಿನ್ನಿಯ ಹೆಸರು ಓದುತ್ತೇನೆ, ಅವನು ಕೊಟ್ಟ ಮಾತು ಉಳಿಸಿಕೊಂಡವನು ಎಂದೂ ಹೇಳುತ್ತೇನೆ ಎಂದರು. ಇವತ್ತು ಓದಿದರು. ಏಳೂವರೆ ವರ್ಷ ತಡವಾಯಿತು, ಕೇಳಬೇಕಾದವಳು ಕೇಳಲಿಲ್ಲ. ಆದರೂ ಓದಿದರು.

ಪೂಜೆ ಮುಗಿದ ಮೇಲೆ ಆಲ್ಬಿಯನ್ನು ಕರೆದುಕೊಂಡು ಆ ಗಲ್ಲಿಗೆ ಹೋದೆ. ನೀನು ಎತ್ತಿದ್ದ ಮುಚ್ಚಳ ಈಗಿಲ್ಲ, ಅದರ ಮೇಲೆ ಕಾಂಕ್ರೀಟು ಸುರಿದಿದ್ದಾರೆ, ಪಬ್ಬಿನವರು ಕಸದ ಡಬ್ಬಿಗಳನ್ನು ಇಟ್ಟಿದ್ದಾರೆ. ಒಂದನ್ನು ಸರಿಸಿ ನಿಂತೆ. ಕಾಲ ಕೆಳಗೆ ರೈಲು ಹೋದದ್ದು ಗೊತ್ತಾಯಿತು. ಸಣ್ಣ ನಡುಕ, ಅಷ್ಟೇ. ಇಲ್ಲಿಂದ ಆ ಗುಂಡಿಗೆ ಎಷ್ಟು ದೂರ ಎಂದು ಆಲ್ಬಿಯನ್ನು ಕೇಳಿದೆ. ಸಿಗರೇಟು ಹಚ್ಚಿ ಮುಗಿಸುವುದರೊಳಗೆ ಮುಟ್ಟಬಹುದು ಎಂದ. ಅಷ್ಟು ಹತ್ತಿರ ಎಂದು ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ಬ್ರೈಡಿಯ ಪಾದದ ಅಳತೆ ಕಳಿಸುವುದಿಲ್ಲ. ಅವಳಿಗೆ ಬೂಟುಗಳಿವೆ. ದೊಡ್ಡವಳಾದ ಮೇಲೆ ನಿನ್ನ ಪತ್ರವನ್ನು ಅವಳ ಕೈಗೆ ಕೊಡುತ್ತೇನೆ, ಬೆಟ್ಟಕ್ಕೆ ಬರುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು. ನೀನು ಇಲ್ಲಿಗೆ ಬರಬೇಡ. ಬಾ ಎಂದದ್ದು ಅಮ್ಮನಿಗಾಗಿ ಮಾತ್ರ.

ಡಿನ್ನಿಯ ಅಕ್ಕ,
ಊನಾ

ಕೊನೆಯದಾಗಿ: ಹೋಗುವ ದಿನ ಬೆಳಿಗ್ಗೆ ಅಮ್ಮ ನನ್ನಿಂದ ಒಂದು ಮಾತು ತೆಗೆದುಕೊಂಡಳು. ಅವಳು ನಿನ್ನನ್ನು ಕ್ಷಮಿಸಿದ್ದಾಳಂತೆ. ಅದನ್ನು ನಿನಗೆ ಬರೆಯಬೇಕಂತೆ, ಪತ್ರದ ಮೊದಲ ಸಾಲಿನಲ್ಲೇ ಬರೆಯಬೇಕಂತೆ. ಹತ್ತು ದಿನ ನನ್ನ ಕೈ ಏಳಲಿಲ್ಲ, ಇಲ್ಲಿ ಬರೆದಿದ್ದೇನೆ. ಇದು ಅವಳ ಮಾತು, ನನ್ನದಲ್ಲ.